ಉದ್ಘಾಟನೆಗೆ ಮುಂಚೆ ಒಂದು ದಿನ ಕಲಾವಿದರಿಗೆ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಸಮೂಹ ಚಿತ್ರಪ್ರದರ್ಶನಗಳು ಸಾಲುಗಟ್ಟುತ್ತವೆ. ಹತ್ತು ವರ್ಷಗಳಿಂದ ನಾನೂ ಪ್ರತಿ ಬೇಸಿಗೆ ಒಂದೋ ಎರಡೋ ಜಲವರ್ಣ ಚಿತ್ರಗಳನ್ನು ಕಳಿಸುತ್ತ ಬಂದಿದ್ದೇನೆ. ಒಬ್ಬರೇ ಪ್ರದರ್ಶನ ಇಡುವ ಶಕ್ತಿ ನಮ್ಮಲ್ಲಿ ಬಹಳಷ್ಟು ಮಂದಿಗೆ ಇಲ್ಲ. ಬಾಡಿಗೆ, ಸಾಗಣೆ, ಕ್ಯಾಟಲಾಗಿನ ಖರ್ಚು ಹಂಚಿಹೋದರೆ ಹಗುರ. ರಜೆಯ ದಿನಗಳಾದ್ದರಿಂದ ಮಕ್ಕಳ ಕೈಹಿಡಿದು ಬರುವವರೂ ಹೆಚ್ಚು. ನನ್ನ ಮೊದಲ ಚಿತ್ರ ಮಾರಾಟವಾದದ್ದು ಇಂಥದೇ ಒಂದು ಗೋಡೆಯ ಮೇಲಿಂದ. ಆ ಋಣ ಇಟ್ಟುಕೊಂಡೇ ಒಂದು ಮಾತು ಹೇಳಬೇಕಾಗಿದೆ.

ಕಳೆದ ಬೇಸಿಗೆ ಮುಸ್ಸಂಜೆಯ ನೀರಿನ ಒಂದು ಚಿತ್ರ ಕೊಟ್ಟಿದ್ದೆ. ಎರಡು ತಿಂಗಳ ಪ್ರದರ್ಶನ. ಕೃತಿ ಒಪ್ಪಿಸಿ ಬಂದ ಮೇಲೆ, ಚಿತ್ರಗಳನ್ನು ಗೋಡೆಗೆ ಹಾಕುವಾಗ ಕಲಾವಿದರಿಗೆ ಪ್ರವೇಶ ಇರಲಿಲ್ಲ. ಉದ್ಘಾಟನೆಯ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಚಿತ್ರ ದೊಡ್ಡ ಕಿಟಕಿಯ ಎದುರಿಗೇ ಇತ್ತು. ಜಾಗ ಬದಲಿಸಿಕೊಡಿ ಎಂದು ಸಂಘಟಕರನ್ನು ಕೇಳಿಕೊಂಡೆ. ‘ಈಗ ಬದಲಿಸಿದರೆ ಕ್ಯಾಟಲಾಗಿನ ನಂಬರುಗಳೆಲ್ಲ ಹಿಂದುಮುಂದಾಗುತ್ತವೆ ಮೇಡಂ, ಈ ಗೋಡೆಗೆ ಬಿಸಿಲು ಬೀಳುವುದಿಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಚಳಿಗಾಲದ ಪ್ರದರ್ಶನದಲ್ಲಿ ಅಲ್ಲಿ ಬಿಸಿಲು ಬಿದ್ದಿರಲಿಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಸೂರ್ಯ ಮುಳುಗುವ ಜಾಗ ಉತ್ತರಕ್ಕೆ ಸರಿದಿರುತ್ತದೆ. ಸಂಜೆ ಐದರ ಹೊತ್ತಿಗೆ ಬಿಸಿಲಿನ ಪಟ್ಟಿಯೊಂದು ನೇರವಾಗಿ ನನ್ನ ಚಿತ್ರದ ಮೇಲೆ ಬಂದು ಕೂರುತ್ತಿತ್ತು.

ಪ್ರದರ್ಶನ ಮುಗಿದ ಮೇಲೆ ಮನೆಯಲ್ಲಿ ಫ್ರೇಮ್ ಬಿಚ್ಚಿದೆ. ಮೌಂಟಿನ (ಚಿತ್ರದ ಸುತ್ತ ಕೂರಿಸುವ ರಟ್ಟಿನ) ಅಂಚು ಮುಚ್ಚಿದ್ದ ಕಡೆ, ಉಗುರಿನಷ್ಟು ಅಗಲಕ್ಕೆ, ನಾನು ಬಳಿದ ಗುಲಾಬಿ ಗೆಂಪು ಹಾಗೇ ಇತ್ತು. ಒಳಗಿನ ಆಕಾಶ ಮಾತ್ರ ಹತ್ತಾರು ಸಲ ಒಗೆದ ಬಟ್ಟೆಯಂತೆ ಬಿಳಿಚಿಕೊಂಡಿತ್ತು. ಒಂದೇ ಹಾಳೆಯಲ್ಲಿ ಎರಡು ಸಂಜೆಗಳು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ನನ್ನದೂ ತಪ್ಪಿದೆ. ಆ ಆಕಾಶಕ್ಕೆ ಬಳಸಿದ್ದು ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು. ತೆಳುವಾದ ವಾಶ್‌ನಲ್ಲಿ (ನೀರು ಹೆಚ್ಚು ಬೆರೆಸಿ ಬಳಿದಾಗ) ಆ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ ಎಂದು ಜಲವರ್ಣ ಮಾಡುವವರಿಗೆಲ್ಲ ಗೊತ್ತು. ಈಗ ಅದನ್ನು ಬಿಟ್ಟು ಕ್ವಿನಾಕ್ರಿಡೋನ್ ಕೆಂಪಿಗೆ ಬಂದಿದ್ದೇನೆ. ಆದರೆ ಕಾಗದದ ಮೇಲಿನ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಇಟ್ಟುಕೊಂಡಿರುವ ಬೆಳಕಿನ ಮಿತಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ). ಬಯಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಕಿಟಕಿಯ ಗಾಜು ಅದರಲ್ಲಿ ಒಂದಿಷ್ಟನ್ನು ತಡೆದರೂ ಉಳಿದದ್ದೇ ಬಣ್ಣವನ್ನು ತಿನ್ನಲು ಸಾಕು.

ಹಿಂದಿನ ದಿನವೇ ಒಳಗೆ ಬಿಟ್ಟಿದ್ದರೆ ಬಿಸಿಲಿನ ಆ ಪಟ್ಟಿಯನ್ನು ನಾನೇ ತೋರಿಸುತ್ತಿದ್ದೆ. ನಾನು ಕೇಳುತ್ತಿರುವುದು ಇಷ್ಟೇ: ಚಿತ್ರಗಳನ್ನು ಹಾಕಿ ಮುಗಿಸಿದ ಮೇಲೆ, ಉದ್ಘಾಟನೆಗೆ ಮುಂಚೆ, ಒಂದು ದಿನ ಕಲಾವಿದರಿಗೆ ಬಿಟ್ಟುಕೊಡಿ.

ಇದು ಹೊಸ ಬೇಡಿಕೆಯೇನೂ ಅಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಒಂದು ವರ್ಷವೂ ತಪ್ಪದೆ ನಡೆದಿದೆ. ಅಲ್ಲಿ ‘ವಾರ್ನಿಷಿಂಗ್ ಡೇ’ ಎಂಬ ಪದ್ಧತಿ ಇದೆ. ಗೋಡೆಗೆ ಏರಿದ ಚಿತ್ರಕ್ಕೆ ಕಲಾವಿದರು ಕೊನೆಯ ಕೈ ಆಡಿಸಲೆಂದು ಇಟ್ಟ ಸಮಯ ಅದು. 1832ರ ಪ್ರದರ್ಶನದಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರ್ ಬರೆದ ಬೂದುಬಣ್ಣದ ಕಡಲಿನ ಚಿತ್ರವೂ ಮತ್ತೊಬ್ಬ ಚಿತ್ರಕಾರ ಕಾನ್‌ಸ್ಟೆಬಲ್ ಬರೆದ ವಾಟರ್ಲೂ ಸೇತುವೆಯ ಚಿತ್ರವೂ ಅಕ್ಕಪಕ್ಕ ಬಂದವು. ಪಕ್ಕದ ಕೆಂಪಿನ ಮುಂದೆ ತನ್ನ ಕಡಲು ಮಂಕಾದದ್ದನ್ನು ಕಂಡ ಟರ್ನರ್ ಅದರ ಮೇಲೊಂದು ಕೆಂಪು ಬೊಟ್ಟು ಇಟ್ಟ; ಆಮೇಲೆ ಅದನ್ನೇ ಹಡಗುಗಳ ಗುರುತಿಗೆ ನೀರಿನಲ್ಲಿ ತೇಲಿಬಿಡುವ ಬೋಯ್ ಆಗಿ ತಿದ್ದಿದ. ಪಕ್ಕದಲ್ಲಿ ಯಾವ ಚಿತ್ರ ಬರುತ್ತದೆ ಎಂಬುದು ಮನೆಯಲ್ಲಿ ಕೂತು ಬರೆಯುವಾಗ ಗೊತ್ತಾಗುವ ಸಂಗತಿಯಲ್ಲ. ಅದೇ ಅಕಾಡೆಮಿಯಲ್ಲಿ 1784ರಲ್ಲಿ, ತಾನು ಹೇಳಿದ ಎತ್ತರದಲ್ಲಿ ಹಾಕಲಿಲ್ಲವೆಂದು ಚಿತ್ರಕಾರ ಗೇನ್ಸ್‌ಬರೋ ತನ್ನ ಚಿತ್ರಗಳನ್ನೆಲ್ಲ ವಾಪಸ್ ತೆಗೆದುಕೊಂಡು ಹೋದ. ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ನಮ್ಮಂಥವರು ಹಾಗೆ ಎದ್ದು ಬರಲಾರೆವು. ಮುಂದಿನ ವರ್ಷ ಕರೆಯದಿದ್ದರೆ ಎಂಬ ಅಂಜಿಕೆಗೆ ಎಷ್ಟೋ ಜನ ಬಾಯಿಮುಚ್ಚಿಕೊಂಡಿರುತ್ತೇವೆ. ಗೆಳತಿಯೊಬ್ಬಳ ಪುಟ್ಟ ಎಚಿಂಗನ್ನು (ಲೋಹದ ತಗಡಿನ ಗೆರೆಗಳಿಂದ ಅಚ್ಚೊತ್ತಿದ ಚಿತ್ರ) ಬಾಗಿಲಿನ ಮೇಲ್ಗಡೆ ಹಾಕಿದ್ದರು. ಅದರ ಗೆರೆ ಕಾಣಲು ಒಂದಡಿ ದೂರಕ್ಕೆ ಬರಬೇಕು. ಅವಳೂ ಸುಮ್ಮನಿದ್ದಳು.

ನೂರಾರು ಕೃತಿ ಹೊಂದಿಸುವ ಸಂಘಟಕರ ಕಷ್ಟ ನನಗೆ ಅರ್ಥವಾಗುತ್ತದೆ. ಎಲ್ಲರೂ ಕಣ್ಣಳತೆಯ ಜಾಗವನ್ನೇ ಕೇಳಿದರೆ ಕೊಡಲು ಗೋಡೆ ಎಲ್ಲಿದೆ? ಕೊನೆಯ ತೀರ್ಮಾನ ಅವರದೇ ಇರಲಿ. ಕಲಾವಿದರ ಮಾತು ಕೇಳಿದ ಮೇಲೆ ತೀರ್ಮಾನಿಸಲಿ, ಕ್ಯಾಟಲಾಗಿನ ನಂಬರುಗಳನ್ನು ಅದಾದ ಮೇಲೆ ಅಚ್ಚಿಗೆ ಕೊಡಲಿ.

ಈ ಬೇಸಿಗೆಗೂ ಒಂದು ಚಿತ್ರ ಮೌಂಟ್ ಮಾಡಿಸಿ ಇಟ್ಟಿದ್ದೇನೆ. ಹಿಂದಿನ ದಿನ ಸಂಜೆ ಐದು ಗಂಟೆಗೆ, ಒಂದರ್ಧ ಗಂಟೆ, ಆ ಕಿಟಕಿಯ ಎದುರು ನಿಂತುಕೊಳ್ಳಲು ಬಿಟ್ಟರೆ ಸಾಕು.

– ಒಬ್ಬ ಜಲವರ್ಣ ಕಲಾವಿದೆ