ಟ್ರಾಲಿಯ ಹಿಂಬದಿಗೂ ಬೆಳಕು ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರದ ರಸ್ತೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್‌ಗಳದ್ದೇ ಸಾಲು. ಅದರ ಬೆನ್ನಿಗೇ ತೊಗರಿ ರಾಶಿ ಬರುತ್ತದೆ. ಶಹಾಪುರ, ಸುರಪುರದ ಕಡೆ ಭತ್ತದ ಓಡಾಟ ಬೇರೆ. ಅಪಘಾತವಾದಾಗಲೆಲ್ಲ ಮಾತು ಚಾಲಕನ ಮೇಲೆ, ಅವನ ವೇಗದ ಮೇಲೆ, ಅವನು ಕುಡಿದಿದ್ದನೇ ಎಂಬುದರ ಮೇಲೆ ನಿಲ್ಲುತ್ತದೆ. ಟ್ರಾಲಿಯನ್ನು ಯಾರೂ ಕೇಳುವುದಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ತಂದ ಟ್ರ್ಯಾಕ್ಟರ್‌ಗೆ ಸರ್ವೀಸ್ ಮಾಡಿಸುತ್ತೇವೆ, ವಿಮೆ ಕಟ್ಟುತ್ತೇವೆ, ಹೂ ಏರಿಸಿ ಪೂಜೆ ಮಾಡುತ್ತೇವೆ. ಅದರ ಹಿಂದೆ ಜೋಡಿಸುವ ಟ್ರಾಲಿಗೆ ಮಾತ್ರ ಲೈಟಿಲ್ಲ, ಬ್ರೇಕಿಲ್ಲ, ನಂಬರ್ ಇಲ್ಲ, ಎಷ್ಟೋ ಸಲ ವಿಮೆಯೂ ಇಲ್ಲ. ಹಿಂದಿನಿಂದ ಬರುವ ಬೈಕಿನವನಿಗೆ ಮೊದಲು ಎದುರಾಗುವುದು ಈ ಟ್ರಾಲಿಯೇ.

ಲೆಕ್ಕ ಹಾಕಿ ನೋಡಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿದೆ, ಹಿಂದೆ ಬರುವ ಕಾರು 80ರಲ್ಲಿದೆ. ಎರಡರ ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರ್‌ನಂತೆ ಕರಗುತ್ತದೆ. ಎದುರಿನಿಂದ ವಾಹನ ಬರುತ್ತಿರುವಾಗ ಕಾರಿನವನು ಡಿಮ್ ಹಾಕಿರುತ್ತಾನೆ. ಆ ಬೆಳಕಿನಲ್ಲಿ ಮುಂದಿನ 50 ಮೀಟರ್ ಕಂಡರೆ ಹೆಚ್ಚು. ಅಂದರೆ ಟ್ರಾಲಿ ಕಣ್ಣಿಗೆ ಬಿದ್ದ ಮೇಲೆ ಅವನ ಕೈಯಲ್ಲಿ ಉಳಿಯುವುದು ಮೂರು ಸೆಕೆಂಡು. ನೋಡಿ, ಗುರುತಿಸಿ, ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡು ಹೋಗಿರುತ್ತದೆ. ಅದೇ ಟ್ರಾಲಿಯ ಹಿಂದೆ ಸರಿಯಾದ ರೇಡಿಯಂ ಪಟ್ಟಿ, ಅಂದರೆ ಬೆಳಕು ಬಿದ್ದರೆ ಮರುಹೊಳೆಯುವ ಪಟ್ಟಿ ಇದ್ದರೆ ಅದು ಇನ್ನೂರು ಮೀಟರ್ ಆಚೆಯಿಂದಲೇ ಹೊಳೆಯುತ್ತದೆ. ಕಾರಿನವನಿಗೆ ಹತ್ತು ಸೆಕೆಂಡಿಗೂ ಹೆಚ್ಚು ಸಮಯ ಸಿಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ಇನ್ನೊಂದು ಸಾಮಾನು ನಮಗೆ ಗೊತ್ತಿಲ್ಲ.

ಆದರೆ ರೇಡಿಯಂ ಎಂದು ಮಾರುವುದೆಲ್ಲ ರೇಡಿಯಂ ಅಲ್ಲ. ನಂಬರ್ ಪ್ಲೇಟ್ ಅಂಗಡಿಯಲ್ಲಿ ಸಿಗುವ ಅಗ್ಗದ ಬಣ್ಣದ ಸ್ಟಿಕ್ಕರ್ ಹಗಲಲ್ಲಿ ಮಿರಿಮಿರಿ ಮಿಂಚುತ್ತದೆ, ರಾತ್ರಿ ಬೆಳಕು ಬಿದ್ದಾಗ ಮಂಕಾಗುತ್ತದೆ. ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಟ್ರಾಲಿಯಿಂದ ಐವತ್ತು ಹೆಜ್ಜೆ ದೂರ ನಿಂತು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಬೆಳಕು ಬಿಡಿ. ಪಟ್ಟಿ ಕಣ್ಣು ಕುಕ್ಕುವಂತೆ ಮರುಹೊಳೆದರೆ ಸರಿ, ಇಲ್ಲದಿದ್ದರೆ ಅದನ್ನು ಕಿತ್ತು ಹೊಸದು ಹಚ್ಚಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಈ ಬಣ್ಣ ಅದಲುಬದಲಾದರೆ ನೋಡುವವನಿಗೆ ವಾಹನ ಯಾವ ಕಡೆ ಮುಖ ಮಾಡಿದೆ ಎಂಬುದೇ ತಿಳಿಯುವುದಿಲ್ಲ. ತುಕ್ಕು, ಗ್ರೀಸ್, ಹಳೆ ಬಣ್ಣದ ಸಿಪ್ಪೆಯ ಮೇಲೆ ಅಂಟಿಸಿದ ಪಟ್ಟಿ ವಾರದಲ್ಲಿ ಎದ್ದು ಬರುತ್ತದೆ. ಎಮರಿ ಪೇಪರ್‌ನಿಂದ ಉಜ್ಜಿ, ಒರೆಸಿ, ಒಣಗಿದ ಮೇಲೆ ಹಚ್ಚಬೇಕು.

ಇನ್ನೂ ದೊಡ್ಡ ತಪ್ಪು ಹಚ್ಚುವ ಜಾಗದ್ದು. ಖಾಲಿ ಟ್ರಾಲಿಯ ಹಿಂಬಾಗಿಲಿಗೆ ಅಂದವಾಗಿ ಪಟ್ಟಿ ಹಚ್ಚುತ್ತಾರೆ. ಕಬ್ಬು ಹೇರುವಾಗ ಆ ಬಾಗಿಲು ಬಿಚ್ಚಿಡುತ್ತಾರೆ, ಇಲ್ಲವೇ ಅದರ ಮೇಲೆ ಗಳಗಳು ಜೋತು ಬೀಳುತ್ತವೆ. ಪಟ್ಟಿ ಒಳಗೇ ಉಳಿಯಿತು. ಆದ್ದರಿಂದ ಚಾಸಿಯ ಕೊನೆಯ ಅಡ್ಡಪಟ್ಟಿಗೆ ಪೂರ್ತಿ ಅಗಲಕ್ಕೆ ಒಂದು ಸಾಲು ಹಚ್ಚಿ. ಅದರ ಜೊತೆಗೆ ಒಂದು ಅಡಿ ಅಗಲದ ಎರಡು ತಗಡಿನ ತುಂಡಿಗೆ ಕೆಂಪು ಪಟ್ಟಿ ಹಚ್ಚಿ, ಹೇರು ಮುಗಿದ ಮೇಲೆ ಎಡಕ್ಕೊಂದು ಬಲಕ್ಕೊಂದು ಹಗ್ಗಕ್ಕೆ ಬಿಗಿಯಬೇಕು. ಒಂದೇ ಮಧ್ಯದಲ್ಲಿ ಕಟ್ಟಿದರೆ ಹಿಂದಿನವನು ಅದನ್ನು ಬೈಕ್ ಎಂದುಕೊಂಡು ಪಕ್ಕದಲ್ಲೇ ನುಗ್ಗುತ್ತಾನೆ. ಎರೆ ಹೊಲದಿಂದ ಬಂದ ಗಾಡಿಗೆ ಮೆತ್ತಿದ ಮಣ್ಣನ್ನು ಡಾಂಬರ್ ರಸ್ತೆ ಹತ್ತುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಸರು ಕೂತ ರೇಡಿಯಂ ಇದ್ದೂ ಇಲ್ಲದಂತೆ.

ಲೈಟಿನ ವಿಷಯ. ಇಂದಿನ ಬಹುತೇಕ ಟ್ರ್ಯಾಕ್ಟರ್‌ಗಳ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತದೆ. ಟ್ರಾಲಿಯ ಟೇಲ್ ಲ್ಯಾಂಪ್, ಬ್ರೇಕ್ ಲೈಟ್, ಎರಡು ಇಂಡಿಕೇಟರ್ ಎಲ್ಲಕ್ಕೂ ಅಲ್ಲಿಂದಲೇ ಕರೆಂಟ್. ಆದರೂ ಲೈಟ್ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಹತ್ತರಲ್ಲಿ ಎಂಟು ಸಲ ದೋಷ ಬಲ್ಬಿನದ್ದಲ್ಲ, ಅರ್ಥಿಂಗ್‌ದು. ಪ್ರತ್ಯೇಕ ಅರ್ಥ್ ವೈರ್ ಎಳೆಯದೆ, ಹುಕ್ಕು ಮತ್ತು ಪಿನ್ನಿನ ಕಬ್ಬಿಣದ ಮೂಲಕವೇ ಕರೆಂಟ್ ಮರಳಲಿ ಎಂದು ಬಿಟ್ಟಿರುತ್ತಾರೆ. ಗ್ರೀಸ್, ತುಕ್ಕು, ಕುಲುಕಾಟದಲ್ಲಿ ಆ ಸಂಪರ್ಕ ತಪ್ಪಿ ತಪ್ಪಿ ಹೋಗುತ್ತದೆ. ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಟ್ರಾಲಿಯ ಚಾಸಿಗೆ ಒಂದು ವೈರ್ ಎಳೆದು, ಬಣ್ಣ ಕೆರೆದ ಜಾಗದಲ್ಲಿ ಬೋಲ್ಟ್ ಬಿಗಿದರೆ ಸಮಸ್ಯೆ ಮುಗಿಯಿತು. ಎರಡನೆಯದು, ತಿರುವಿನಲ್ಲಿ ವೈರ್ ಎಳೆದು ತುಂಡಾಗುವುದು. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮುಂದಿನ ಮೂತಿಯ ಉದ್ದಕ್ಕೂ ವೈರ್ ಕಟ್ಟಿ, ಹುಕ್ಕಿನ ಬಳಿ ಮಾತ್ರ ಒಂದು ಸಡಿಲ ಸುತ್ತು ಬಿಡಿ. ಕಬ್ಬಿನ ಕೆಲಸದಲ್ಲಿ ಒಂದೇ ಟ್ರ್ಯಾಕ್ಟರ್ ಹಲವು ಟ್ರಾಲಿ ಎಳೆಯುವುದರಿಂದ ಎಲ್ಲ ಟ್ರಾಲಿಗಳಲ್ಲೂ ಪಿನ್ನುಗಳ ಕ್ರಮ ಒಂದೇ ಆಗಿರಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಬಲಗಡೆಯ ಇಂಡಿಕೇಟರ್ ಹತ್ತಿ ಹಿಂದಿನವನು ದಾರಿ ತಪ್ಪುತ್ತಾನೆ. ಡಬಲ್ ಟ್ರಾಲಿಯಾದರೆ ಕೊನೆಯ ಟ್ರಾಲಿಗೇ ಲೈಟ್ ಬೇಕು, ಮೊದಲನೆಯದಕ್ಕೆ ಮಾತ್ರ ಇದ್ದು ಉಪಯೋಗವಿಲ್ಲ.

ರಾತ್ರಿ ಉಳುಮೆಗೆಂದು ಮಡ್‌ಗಾರ್ಡ್ ಮೇಲೆ ಹಿಮ್ಮುಖವಾಗಿ ಕೂಡಿಸಿದ ಬಿಳಿ ಲೈಟನ್ನು ರಸ್ತೆಯಲ್ಲಿ ಆರಿಸಲೇಬೇಕು. ಹಿಂದೆ ಬರುವವನಿಗೆ ಅದು ಎದುರಿನಿಂದ ಬರುವ ವಾಹನದಂತೆ ಕಾಣುತ್ತದೆ. ಅವನು ತಪ್ಪಿಸಲು ಹೋಗಿ ಗುಂಡಿಗೆ ಬೀಳುತ್ತಾನೆ, ಇಲ್ಲವೇ ನೇರ ನಿಮಗೇ ಬಂದು ಬಡಿಯುತ್ತಾನೆ.

ಬ್ರೇಕಿನ ಮಾತು ಇನ್ನೂ ಗಂಭೀರ. ಸಾಮಾನ್ಯ ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗೆ ಹಿಂದಿನ ಎರಡು ಗಾಲಿಗೆ ಮಾತ್ರ ಬ್ರೇಕ್. ಅದರ ತೂಕ ಎರಡು ಟನ್ನಿನ ಆಸುಪಾಸು. ಹಿಂದೆ ಅದರ ಮೂರು ನಾಲ್ಕು ಪಟ್ಟು ತೂಕ ಬ್ರೇಕಿಲ್ಲದೆ ಬರುತ್ತಿರುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ಎಂಜಿನ್ನಿನ ತಡೆಯನ್ನೂ ಕಳೆದುಕೊಂಡು ಇಡೀ ಭಾರವನ್ನು ಆ ಎರಡು ಬ್ರೇಕಿನ ಮೇಲೆ ಹಾಕುತ್ತಾರೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಇಳಿಯುತ್ತ ಕ್ಲಚ್ ಒತ್ತಬೇಡಿ. ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಟ್ರಾಲಿ ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ಮಡಚುತ್ತದೆ. ಹೊಲದಲ್ಲಿ ಎಡ, ಬಲ ಬ್ರೇಕನ್ನು ಬೇರೆ ಬೇರೆ ಒತ್ತಿ ತಿರುಗಿಸುವುದು ಸರಿ. ರಸ್ತೆಗೆ ಬಂದ ಕೂಡಲೇ ಎರಡು ಪೆಡಲನ್ನು ಜೋಡಿಸುವ ಲ್ಯಾಚ್ ಹಾಕಲೇಬೇಕು. 25 ಕಿ.ಮೀ. ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಗಿ ಮಗುಚುತ್ತದೆ. ಲ್ಯಾಚ್ ಹಾಕಿಯೂ ಒಂದು ಕಡೆ ಎಳೆದರೆ ಎರಡು ಪೆಡಲಿನ ಆಟ ಸಮ ಇಲ್ಲ ಎಂದರ್ಥ. ಖಾಲಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ, ಅಡ್ಜಸ್ಟ್ ಮಾಡಿಸಿ. ಹಿಂದಿನ ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ರಸ್ತೆಯಲ್ಲಿ ಬೇಡವೇ ಬೇಡ.

ಎರಡು ಗಾಲಿಯ ಟ್ರಾಲಿಯಲ್ಲಿ ಹೇರು ಹಿಂದಕ್ಕೆ ಹೆಚ್ಚಾದರೆ ಮೂತಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಏರಿನಲ್ಲಿ ಮುಂಗಾಲಿ ನೆಲ ಬಿಟ್ಟರೆ ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ. ಟ್ರ್ಯಾಕ್ಟರಿನ ಮುಂದೆ ಭಾರಕ್ಕೆಂದು ಕೂಡಿಸಿದ ಕಬ್ಬಿಣದ ವೇಟ್‌ಗಳನ್ನು ಕಳಚಿ ಮಾರಿಕೊಂಡವರು ಇದನ್ನು ಯೋಚಿಸಬೇಕು. ಹುಕ್ಕಿನ ತೂತು ಸವೆದು ಅಂಡಾಕಾರವಾಗಿದ್ದರೆ ವೆಲ್ಡಿಂಗ್ ತೇಪೆ ಸಾಲದು, ಬದಲಿಸಿ. ಪಿನ್ನಿನ ಜಾಗದಲ್ಲಿ ಕಬ್ಬಿಣದ ಸರಳು ತುರುಕುವುದು, ಅದು ಜಾರದಂತೆ ಕೆಳಗೆ ಹಾಕುವ ಕಾಟರ್ ಪಿನ್ನಿನ ಬದಲು ತಂತಿ ಸುತ್ತುವುದು ಎಲ್ಲ ಕಡೆ ಕಾಣುತ್ತೇವೆ. ಪಿನ್ ಹಾರಿದರೂ ಟ್ರಾಲಿ ಬಿಟ್ಟು ಹೋಗದಂತೆ ಒಂದು ಗಟ್ಟಿ ಸರಪಳಿ ಇರಲಿ.

ಗಾಲಿ ಪಂಚರ್ ಆಗಿ, ಆಕ್ಸಲ್ ಮುರಿದು ರಸ್ತೆ ಮೇಲೆ ನಿಂತ ಟ್ರಾಲಿಯೇ ರಾತ್ರಿಯ ದೊಡ್ಡ ಅಪಾಯ. ಸುತ್ತ ನಾಲ್ಕು ಕಲ್ಲಿಟ್ಟು ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋಗುತ್ತಾರೆ. ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ, ಟ್ರಾಲಿ ಎಳೆದೊಯ್ದ ಮೇಲೂ ಅಲ್ಲೇ ಉಳಿದು ಬೈಕಿನವರನ್ನು ಕೆಡವುತ್ತದೆ. ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ಬಿಟ್ಟು ಹೋಗುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ಅಪರಾಧ. ಮಡಚುವ ಎರಡು ರಿಫ್ಲೆಕ್ಟರ್ ತ್ರಿಕೋನ ಟೂಲ್ ಬಾಕ್ಸಿನಲ್ಲಿರಲಿ. ಒಂದನ್ನು ಐವತ್ತು ಮೀಟರ್ ಹಿಂದೆ, ತಿರುವಿದ್ದರೆ ತಿರುವಿಗೂ ಮುಂಚೆ ಇಡಿ. ಒಬ್ಬ ಮನುಷ್ಯ ಟಾರ್ಚ್ ಹಿಡಿದು ಅಲ್ಲೇ ಇರಲಿ.

ಇನ್ನು ಜನ. ಟ್ರ್ಯಾಕ್ಟರ್‌ನಲ್ಲಿರುವುದು ಒಂದೇ ಸೀಟು, ಅದು ಚಾಲಕನದ್ದು. ಮಡ್‌ಗಾರ್ಡ್ ಮೇಲೆ ಕೂತವನು ಒಂದು ಗುಂಡಿಯ ಕುಲುಕಿಗೆ ದೊಡ್ಡ ಗಾಲಿಯ ಕೆಳಗೇ ಬೀಳುತ್ತಾನೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಅರ್ಪಿಸಲು, ಮನೆಮಂದಿಯನ್ನೆಲ್ಲ ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವುದು ನಮ್ಮ ಭಾಗದ ಸಂಭ್ರಮ. ಆ ಸಂಭ್ರಮ ಹೊಲದ ದಾರಿಯಲ್ಲೇ ಇರಲಿ, ಹೆದ್ದಾರಿಗೆ ಬೇಡ. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಮಕ್ಕಳು ಹೇರಿದ ಕಬ್ಬಿನ ಮೇಲೆ ನಿದ್ದೆ ಮಾಡುತ್ತ ಹೋಗುವುದನ್ನು ಗ್ಯಾಂಗಿನ ಮುಖಂಡರಾದ ಮುಕಾದಮರು ನಿಲ್ಲಿಸಲೇಬೇಕು. 2007ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಟ್ರಾಲಿಯಲ್ಲಿ ಹೋಗುತ್ತಿದ್ದ ಕಾರ್ಮಿಕನೊಬ್ಬನ ಪ್ರಕರಣ ಬಂದಿತ್ತು. ಪರಿಹಾರ ವಿಮೆ ಕಂಪನಿಯ ಹೊಣೆಯಲ್ಲ ಎಂದಿತು ಕೋರ್ಟ್. ಕಾರ್ಮಿಕ ಬಡವನೆಂದು ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಲಿ ಎಂದು ಆದೇಶಿಸಿತು. ಕೊನೆಗೆ ಹೊಲ ಮಾರುವ ಪಾಳಿ ಬರುವುದು ಮಾಲೀಕನಿಗೇ.

ಕಾಗದಪತ್ರದಲ್ಲಿ ಜನರಿಗೆ ಅನುಮಾನ ಹೆಚ್ಚು. ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ ಲೈಸೆನ್ಸ್ ಇದ್ದವರು ಟ್ರ್ಯಾಕ್ಟರ್ ಓಡಿಸಬಹುದು. ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಕಾಯ್ದೆಯ ವ್ಯಾಖ್ಯೆಯಲ್ಲೇ ಲಘು ವಾಹನ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವರು ಟ್ರಾಲಿ ಜೋಡಿಸಿದ ಮಾತ್ರಕ್ಕೆ ಲೈಸೆನ್ಸ್ ಅಮಾನ್ಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಲೈಸೆನ್ಸೇ ಇಲ್ಲದವರು ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ, ಅಂದರೆ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಲಿ. ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಟ್ರಾಲಿಗೆ ಬೇರೆ ನೋಂದಣಿ, ಬೇರೆ ನಂಬರ್. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಆ ನಂಬರ್ ಬರೆದಿದೆಯೇ ಎಂದು ಇಂದೇ ತೆಗೆದು ನೋಡಿ. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ, ಜಲ್ಲಿ ಸಾಗಿಸುವಾಗ ಅಪಘಾತವಾದರೆ ವಿಮೆ ಕಂಪನಿ ಮೊದಲು ತಕರಾರು ತೆಗೆಯುವುದು ಅಲ್ಲೇ.

ಮೀಸೆ ಮೂಡದ ಹುಡುಗರ ಕೈಗೆ ಕೀಲಿ ಕೊಡುವ ತಂದೆಯರಿಗೆ 2019ರ ತಿದ್ದುಪಡಿಯ 199ಎ ಕಲಂ ಗೊತ್ತಿರಲಿ. 18 ತುಂಬದವನು ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ.

ಭತ್ತದ ಗದ್ದೆಯ ಕಬ್ಬಿಣದ ಪಂಜರದಂಥ ಗಾಲಿ (ಕೇಜ್ ವೀಲ್) ಹಾಕಿಕೊಂಡೇ ಡಾಂಬರ್ ರಸ್ತೆಗೆ ಬರುವುದು, ಹೊರಗಿನ ಹಾರ್ನ್ ಕೇಳದಷ್ಟು ಜೋರಾಗಿ ಡೆಕ್ ಹಚ್ಚುವುದು, ಹುಮನಾಬಾದ್ ಬಳಿಯ 65ನೇ ಹೆದ್ದಾರಿಯಲ್ಲಿ ಯೂಟರ್ನ್ ದೂರವೆಂದು ಉಲ್ಟಾ ದಿಕ್ಕಿನಲ್ಲಿ ನುಗ್ಗುವುದು ಇವುಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಪೊಲೀಸರು ಮನಸ್ಸು ಮಾಡಿದರೆ ನಿಲ್ಲಿಸಬಹುದು.

ಟ್ರಾಲಿಯ ವಿಷಯದಲ್ಲಿ ಮಾತ್ರ ದಂಡಕ್ಕಿಂತ ಕಾರ್ಖಾನೆಯ ಗೇಟು ಹೆಚ್ಚು ಕೆಲಸ ಮಾಡಬಲ್ಲದು. ಪ್ರತಿ ಟ್ರಾಲಿಯೂ ತೂಕದ ಸೇತುವೆ (ವೇಬ್ರಿಡ್ಜ್) ಹತ್ತಲೇಬೇಕು, ಅಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತೇ ಇರುತ್ತದೆ. ಆ ಹೊತ್ತಿನಲ್ಲಿ ಕಾರ್ಖಾನೆಯವರೇ ಪಟ್ಟಿ ಹಚ್ಚಿಸಿ ಅದರ ಹಣವನ್ನು ಸಾಗಣೆ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ತೂಕದ ಚೀಟಿಯ ಮೇಲೆ ‘ಹಿಂದಿನ ಲೈಟ್, ರೇಡಿಯಂ, ಪಿನ್’ ಎಂದು ಮೂರು ಖಾನೆ ಮುದ್ರಿಸಿ, ಮೂರಕ್ಕೂ ಗುರುತು ಬೀಳದ ಟ್ರಾಲಿಗೆ ಮುಂದಿನ ಪಾಳಿ ಕೊಡದಿರಲಿ. ಎಪಿಎಂಸಿ ಗೇಟಿನಲ್ಲೂ ತೊಗರಿ ಹಂಗಾಮಿನಲ್ಲಿ ಇದೇ ಆಗಲಿ. ಕಲಬುರಗಿ, ಬೀದರ್, ಯಾದಗಿರಿಯ ಸಾರಿಗೆ ಅಧಿಕಾರಿಗಳು ಹಂಗಾಮಿಗೆ ಮೊದಲು ಹೋಬಳಿಗೊಂದು ದಿನ ಬಂದು ಎಲ್‌ಎಲ್ ಮತ್ತು ಟ್ರಾಲಿ ನೋಂದಣಿ ಎರಡನ್ನೂ ಅಲ್ಲೇ ಮಾಡಿಕೊಡುವ ಶಿಬಿರ ನಡೆಸಲಿ. ಹೊಲದ ಕೆಲಸ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ನಾಲ್ಕು ಸಲ ಅಲೆಯಲು ಆಗದೆ ಟ್ರಾಲಿಯನ್ನು ನೋಂದಾಯಿಸದೆ ಬಿಟ್ಟ ರೈತರೇ ನಮ್ಮಲ್ಲಿ ಹೆಚ್ಚು.

ಇಂತಿ,
ಟ್ರ್ಯಾಕ್ಟರ್ ಮಾಲೀಕರು ಮತ್ತು ಮೆಕ್ಯಾನಿಕರು,
ಹುಮನಾಬಾದ್ ತಾಲ್ಲೂಕು, ಬೀದರ್ ಜಿಲ್ಲೆ