ಪುರಿಯ ಅಜ್ಜಿಗೆ, ನಮ್ಮ ಓಣಿಯವರಿಗೆ

ಮೊನ್ನೆ ಲೈನ್‌ಮನ್ ಕೆಲಸದ ಆರ್ಡರ್ ಕೈಗೆ ಬಂತು. ಮೊದಲು ಸಿದ್ಧಾರೂಢ ಮಠಕ್ಕೆ ಹೋಗಿ ಬಾ ಅಂದಳು ಅವ್ವ. ಹೋಗಿ ಬಂದೆ. ಆದರೆ ನಾನು ಇವತ್ತು ಬದುಕಿರೋದೇ ಕೆಲವು ಜನರಿಂದ, ಅವರಿಗೆ ಇನ್ನೂ ಸರಿಯಾಗಿ ಒಂದು ಮಾತು ಹೇಳಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2019ರ ಮೇ. ನನಗೆ 17. ಪಿಯುಸಿ ಪರೀಕ್ಷೆ ಮುಗಿಸಿ ಒಡಿಶಾದ ಪುರಿಗೆ ಹೋಗಿದ್ದೆ, ಮಾಮಾ ಅಲ್ಲಿ ಅಡುಗೆ ಕೆಲಸಕ್ಕಿದ್ದ. ಅವನು ಸಾಮಾನು ತರಲು ಕಟಕ್‌ಗೆ ಹೋದ, ಚಂಡಮಾರುತ ಬರುತ್ತದೆ ಅಂತ ರೈಲು ನಿಂತು ಅಲ್ಲೇ ಉಳಿದ. ಓಣಿಯಲ್ಲಿ ಮೈಕ್ ಹಿಡಿದು ಕೂಗುತ್ತಾ ಹೋದರು. ನನಗೆ ಭಾಷೆ ತಿಳಿಯಲಿಲ್ಲ. ಸರ್ಕಾರ ಸುಮಾರು 12 ಲಕ್ಷ ಜನರನ್ನು ಮೊದಲೇ ಸಾಗಿಸಿತ್ತಂತೆ, ನಾನು ಮಾತ್ರ ಮಾಮಾ ಬರುತ್ತಾನೆ ಅಂತ ರೂಮಿನಲ್ಲೇ ಕಾದು ಕೂತೆ.

ಮೇ 3ರ ಬೆಳಿಗ್ಗೆ ಫೋನಿ ಚಂಡಮಾರುತ ಬಡಿಯಿತು. ಗಂಟೆಗೆ 175 ಕಿಲೋಮೀಟರಿನ ಗಾಳಿ. ಬಾಗಿಲಿನ ಚಿಲಕ ಕಿತ್ತುಬಂತು. ಬಾಗಿಲಿಗೆ ಬೆನ್ನು ಕೊಟ್ಟು, ಎದುರಿನ ಗೋಡೆಗೆ ಕಾಲು ಒತ್ತಿ ಕೂತೆ, ಎಷ್ಟು ಹೊತ್ತು ಗೊತ್ತಿಲ್ಲ, ಆಮೇಲೆ ಕಾಲು ನೆಟ್ಟಗೆ ಮಾಡೋಕೂ ಆಗಲಿಲ್ಲ. ಫೋನ್ ಸತ್ತಿತ್ತು. ಎರಡು ದಿನ ಬಕೆಟ್ಟಿನ ನೀರು, ಅರ್ಧ ಪಾಕೀಟು ಬಿಸ್ಕತ್ತು, ಅಷ್ಟೇ.

ಮೂರನೇ ದಿನ ಹಿಂದಿನ ಮನೆಯ ಅಜ್ಜಿ ಶೆಲ್ಟರಿನಿಂದ ವಾಪಸ್ ಬಂದರು. ಅವರ ತಗಡಿನ ಚಾವಣಿಯೇ ಹಾರಿಹೋಗಿತ್ತು. ಆದರೂ ಮೊದಲು ನನ್ನನ್ನು ಕೂರಿಸಿ ತಿನ್ನಲು ಕೊಟ್ಟರು. ಚೂಡಾ ಅಂದರು, ನೋಡಿದರೆ ನಮ್ಮ ಅವಲಕ್ಕಿ! ಮೇಲೆ ಒಂದು ತುಂಡು ಬೆಲ್ಲ. ನಾನು ಅಳುತ್ತಲೇ ತಿಂದೆ, ಅವರು ತಲೆ ಸವರುತ್ತಾ ಕೂತಿದ್ದರು. ಮರುದಿನ ಖುರ್ದಾ ಕಡೆ ಹೊರಟ ಲಾರಿಯವರನ್ನು ನಿಲ್ಲಿಸಿ ಹತ್ತಿಸಿದ್ದೂ ಅವರೇ. ದಾರಿಯುದ್ದಕ್ಕೂ ಕರೆಂಟ್ ಕಂಬಗಳು ಮಲಗಿದ್ದವು, ಆ ಬಿಸಿಲಲ್ಲಿ ಜನ ತಂತಿ ಎಳೆಯುತ್ತಿದ್ದರು. ಊರಿಗೆ ಬಂದು ಐಟಿಐ ಸೇರಿದ್ದು ಅದನ್ನು ನೋಡಿಯೇ.

ಆ ಲಾರಿ ಡ್ರೈವರ್ ಒಂದು ರೂಪಾಯಿ ತಗೊಳ್ಳಲಿಲ್ಲ. ಅವರಿಗೂ ನಮಸ್ಕಾರ. ಅಮರಾವತಿ ಎಕ್ಸ್‌ಪ್ರೆಸ್ ಗದಗಿಗೆ ಬಂದಾಗ ಚಹಾದವರೊಬ್ಬರು "ಯಾಕೋ ತಮ್ಮಾ, ಮುಖಾ ಹಿಂಗ್ಯಾಕ್ ಆಗೇತಿ?" ಅಂತ ಕೇಳಿ ಸುಮ್ನೆ ಚಹಾ ಕೊಟ್ಟರಲ್ಲ, ಅವರಿಗೂ.

ಇನ್ನು ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರು. ನನ್ನ ಸುದ್ದಿಯೇ ಇಲ್ಲದ ಅಷ್ಟೂ ದಿನ ಅವ್ವನನ್ನು ಒಂಟಿ ಬಿಡಲಿಲ್ಲ ನೀವು. ರೊಟ್ಟಿ ಪಲ್ಯ ತಂದು ಎದುರಿಗೆ ಕೂತು ಉಣ್ಣಿಸಿದಿರಿ. ರಾತ್ರಿ ಒಬ್ಬೊಬ್ಬರಾಗಿ ಬಂದು ಅವಳ ಜೊತೆ ಮಲಗಿದಿರಿ. ನಿಮ್ಮ ಋಣ ದೊಡ್ಡದು.

ಅಜ್ಜೀ, ದಾರಿಗೆ ಅಂತ ನೀವು ಅವಲಕ್ಕಿ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ನನ್ನ ಜೊತೆಗೇ ಬಂದುಬಿಟ್ಟಿತು. ಖಾಲಿ ಡಬ್ಬಿ ಕೊಡಬಾರದು ಅಂತಾಳೆ ಅವ್ವ. ಮೊದಲ ರಜೆ ಸಿಕ್ಕ ಕೂಡಲೇ ಧಾರವಾಡ ಪೇಡೆ ತುಂಬಿಕೊಂಡು ಬರುತ್ತೇನೆ.