ಬೆಂಕಿಗೆ ಮುಂಚೆಯೂ ಅವರು ಮಾತಾಡಿದ್ದರು

ಪ್ರೀತಿಯ ತಂಗಿ,

ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಫ್ಯಾಕ್ಟರಿಯ ಬೆಂಕಿ ಬಗ್ಗೆ ನೀನು ಬರೆದ ಲೇಖನ ಓದಿದೆ. ಓದಿಸಿಕೊಂಡು ಹೋಗುತ್ತದೆ. ಆದರೆ ಅದರಲ್ಲಿ ಅಲ್ಲಿ ಕೆಲಸಕ್ಕಿದ್ದ ಹುಡುಗಿಯರು ಬರೀ ಸಾಯುತ್ತಾರೆ, ಒಂದು ಮಾತೂ ಆಡುವುದಿಲ್ಲ. ನನ್ನ ತಕರಾರು ಅಷ್ಟೇ.

1911ರ ಮಾರ್ಚ್ 25, ಶನಿವಾರ ಸಂಜೆ, ನ್ಯೂಯಾರ್ಕು, 146 ಸಾವು. ಇದನ್ನೆಲ್ಲ ಬರೆದಿದ್ದೀಯ. ಒಮ್ಮೆ 1909ರ ನವೆಂಬರಿಗೆ ಹೋಗು. ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಹೊಲಿಗೆ ಕಾರ್ಮಿಕರ ಸಭೆ. ದೊಡ್ಡ ದೊಡ್ಡವರು ಭಾಷಣ ಮಾಡುತ್ತಲೇ ಇದ್ದರು. ಮುಷ್ಕರ ಮಾಡಬೇಕೋ ಬೇಡವೋ, ಯಾರೂ ಖಡಾಖಂಡಿತವಾಗಿ ಹೇಳಲೊಲ್ಲರು. ಆಗ ಕ್ಲಾರಾ ಲೆಮ್ಲಿಕ್ ಎಂಬ ಹೊಲಿಗೆ ಕೆಲಸದ ಹುಡುಗಿ ಎದ್ದು ಬಂದಳು. ಇನ್ನು ಮಾತು ಸಾಕು, ಮುಷ್ಕರ ಹೂಡೋಣ ಎಂದು ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಹೇಳಿದಳು. ಸುಮಾರು 20,000 ಜನ ಬೀದಿಗಿಳಿದರು. ಹೆಚ್ಚಿನವರು ವಲಸೆ ಬಂದ ಯಹೂದಿ ಹೆಣ್ಣುಮಕ್ಕಳು. ಕೂಲಿ, ಕೆಲಸದ ಹೊತ್ತು, ಸಂಘಕ್ಕೆ ಮಾನ್ಯತೆ ಕೇಳಿದರು. ಏಟು ತಿಂದರು, ಜೈಲಿಗೂ ಹೋದರು. ಎಷ್ಟೋ ಮಾಲೀಕರು ಸಂಘದ ಜೊತೆ ರಾಜಿಗೆ ಬಂದರು. ಟ್ರಯಾಂಗಲ್ ಮಾಲೀಕರು ಮಾತ್ರ ಸಂಘವನ್ನು ಒಪ್ಪಲೇ ಇಲ್ಲ.

ಅವರನ್ನು ನೀನು 'ರಾಕ್ಷಸರು' ಎಂದು ಒಂದೇ ಏಟಿಗೆ ಮುಗಿಸಿದ್ದೀಯ. ಬೇಡ. ಒಂಬತ್ತನೇ ಮಹಡಿಯ ಬಾಗಿಲಿಗೆ ಯಾಕೆ ಬೀಗ ಬಿತ್ತು ಅಂತ ಬರೆ. ಹುಡುಗಿಯರು ಬಟ್ಟೆ ಕದ್ದಾರು ಎಂಬ ಅನುಮಾನ. ಮನೆಗೆ ಹೊರಡುವಾಗ ಒಂದೇ ಬಾಗಿಲಲ್ಲಿ ಅವರ ಕೈಚೀಲ ತಪಾಸಣೆ. ಇಷ್ಟು ಹೇಳಿದರೆ ಓದುವವರಿಗೆ ತಾನಾಗಿಯೇ ಸಿಟ್ಟು ಬರುತ್ತದೆ.

ಮಾಲೀಕರ ಮೇಲೆ ನಡೆದ ಕೋರ್ಟು ವಿಚಾರಣೆಯನ್ನು ನೀನು ಹಾರಿಸಿಬಿಟ್ಟಿದ್ದೀಯ. ನಾನಾದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ. ಬೆಂಕಿಯಿಂದ ಪಾರಾದ ಕೇಟ್ ಆಲ್ಟರ್‌ಮನ್ ಸಾಕ್ಷಿ ಹೇಳಿದಳು. ಮಾಲೀಕರ ವಕೀಲ ಅದನ್ನೇ ಮತ್ತೆ ಮತ್ತೆ ಹೇಳಿಸಿದ. ಹೆಚ್ಚುಕಮ್ಮಿ ಅವೇ ಮಾತುಗಳು ಬಂದವು. ನೋಡಿ, ಯಾರೋ ಬಾಯಿಪಾಠ ಮಾಡಿಸಿದ್ದಾರೆ ಎಂಬಂತೆ ಅದನ್ನು ತಿರುಗಿಸಿದ. ಕಂಡದ್ದನ್ನು ಒಂದೇ ಥರ ಹೇಳಿದ್ದೇ ಅವಳ ತಪ್ಪಾಯಿತು! ಬಾಗಿಲಿಗೆ ಬೀಗ ಬಿದ್ದದ್ದು ಮಾಲೀಕರಿಗೆ ಗೊತ್ತಿತ್ತು ಎಂದು ಜ್ಯೂರಿಗೆ ಮನವರಿಕೆಯಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಾಲೀಕರು ಖುಲಾಸೆಯಾದರು.

ಇನ್ನು 'ಈ ದುರಂತದಿಂದ ಹೊಸ ಕಾನೂನುಗಳು ಬಂದವು' ಎಂಬ ನಿನ್ನ ಸಾಲು. ಬೆಂಕಿ ಬಿದ್ದರೆ ಕಾನೂನು ತಾನಾಗಿಯೇ ಬರುತ್ತದಾ? ಆ ವರ್ಷವೇ ನ್ಯೂಯಾರ್ಕ್ ರಾಜ್ಯ ಫ್ಯಾಕ್ಟರಿ ತನಿಖಾ ಆಯೋಗ ಮಾಡಿತು. ರಾಜ್ಯದ ಶಾಸಕರಾದ ರಾಬರ್ಟ್ ವ್ಯಾಗ್ನರ್, ಆಲ್ ಸ್ಮಿತ್ ಅದರ ಮುಂದಾಳುಗಳು. ಅವರು ಫ್ಯಾಕ್ಟರಿಗಳನ್ನು ಸುತ್ತಿದರು, ಕಾರ್ಮಿಕರ ಹೇಳಿಕೆ ಪಡೆದರು. ಅಲ್ಲೂ ಆ ಹೆಣ್ಣುಮಕ್ಕಳು ಮಾತಾಡಿದ್ದಾರೆ, ದಾಖಲೆ ತೆಗೆದು ನೋಡು.

ಬೆಂಕಿಯನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಕೂಡ ಆಯೋಗದ ಕೆಲಸದಲ್ಲಿದ್ದರು. 1933ರಲ್ಲಿ ಅಮೆರಿಕದ ಮೊದಲ ಮಹಿಳಾ ಮಂತ್ರಿಯಾದವರು ಇವರೇ. ಅವರನ್ನು ದೇವತೆ ಮಾಡಬೇಡ. ಹೆಂಗಸರಿಗೆ ವಾರಕ್ಕೆ 54 ಗಂಟೆಗಿಂತ ಹೆಚ್ಚು ಕೆಲಸ ಬೇಡ ಎಂಬ ಕಾನೂನಿಗಾಗಿ 1912ರಲ್ಲಿ ಓಡಾಡಿದವರು ಅವರು. ಹಣ್ಣು, ತರಕಾರಿ ಡಬ್ಬಿಗೆ ತುಂಬುವ ಫ್ಯಾಕ್ಟರಿಗಳ ಹೆಂಗಸರನ್ನು ಬಿಟ್ಟರೆ ಮಾತ್ರ ಕಾನೂನು ಪಾಸಾಗುವ ಹಾಗಿತ್ತು. ಪರ್ಕಿನ್ಸ್ ಒಪ್ಪಿಕೊಂಡರು. ಜೊತೆಗಾರರಲ್ಲೇ ಕೆಲವರಿಗೆ ಅದು ಸರಿ ಕಾಣಲಿಲ್ಲ. ನಿನಗೆ ಏನನ್ನಿಸುತ್ತದೆ? ಮುಂದಿನ ಕರಡಿನಲ್ಲಿ ಆ ಭಾಗ ಇರಲಿ. ಉದ್ದವಾದರೂ ಪರವಾಗಿಲ್ಲ, ಕಳಿಸು.

ಇಂತಿ,
ನಿನ್ನ ಅಕ್ಕ